ಎಡಗಣ್ಣಿನವನ ಕ್ಯಾಮೆರಾ ಲೆಕ್ಕ

ನಾನು ಎಡಗಣ್ಣಿನವನು. ಬರೆಯುವುದು, ಊಟ ಮಾಡುವುದು ಎಲ್ಲ ಬಲಗೈಯಲ್ಲೇ. ಆದರೆ ಕ್ಯಾಮೆರಾ ಕೈಗೆ ಬಂದ ಕೂಡಲೇ ಅದು ಎಡಗಣ್ಣಿಗೇ ಹೋಗುತ್ತದೆ. ಯಾರೂ ಕಲಿಸಿದ್ದಲ್ಲ, ಬಿಡಿಸಲೂ ಆಗಲಿಲ್ಲ.

ಇದನ್ನು ಮೊದಲು ಪತ್ತೆ ಮಾಡಿದ್ದು ನನ್ನ ಸೋದರಮಾವ. ಸಾಗರದಲ್ಲಿ ಅವರದ್ದೊಂದು ಸ್ಟುಡಿಯೋ ಇತ್ತು. ಮುಂದೆ ಕೌಂಟರು, ನಡುವೆ ಬಣ್ಣ ಮಾಸಿದ ಪರದೆ ಮತ್ತು ಎರಡು ಲೈಟು, ಹಿಂದೆ ಡಾರ್ಕ್ ರೂಮು. ಬೇಸಿಗೆ ರಜೆಯಲ್ಲಿ ನನ್ನ ಠಿಕಾಣಿ ಅಲ್ಲೇ. ಒಂದು ಮಧ್ಯಾಹ್ನ ಗಿರಾಕಿ ಯಾರೂ ಇರಲಿಲ್ಲ. ಮಾವ ರೋಲ್ ಇಲ್ಲದ ಪೆಂಟಾಕ್ಸ್ ಕೆ1000 ನನ್ನ ಕೈಗೆ ಕೊಟ್ಟು, "ನೋಡು, ಎಂತ ಕಾಣ್ತದೆ ಹೇಳು" ಅಂದರು. ಕಣ್ಣಿಗಿಟ್ಟೆ.

"ಬಲಗಣ್ಣಲ್ಲಿ ನೋಡೋ ಮಾರಾಯ! ಮೂಗಿನ ಎಣ್ಣೆಯೆಲ್ಲ ಕ್ಯಾಮೆರಾಕ್ಕೆ ಬಳೀತಿದ್ದೀಯಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಬಲಗಣ್ಣಿನವರ ಮೂಗು ಕ್ಯಾಮೆರಾದ ಎಡ ಅಂಚಿನ ಕಡೆ ಸರಿದುಕೊಂಡಿರುತ್ತದೆ. ನಮ್ಮದು ನೇರ ಬೆನ್ನಿಗೇ ಒತ್ತುತ್ತದೆ. ಬಲಗಣ್ಣು ಹೆಬ್ಬೆರಳಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ರೋಲ್ ಮುಂದೆ ತಳ್ಳುವ ಲಿವರ್ ಎಳೆಯಬೇಕಾದರೆ ಪ್ರತಿ ಸಲ ಕ್ಯಾಮೆರಾ ಕಣ್ಣಿಂದ ಕೆಳಗಿಳಿಸಬೇಕು, ಇಲ್ಲದಿದ್ದರೆ ಹೆಬ್ಬೆರಳು ಕಣ್ಣಿಗೇ ಹೊಡೆಯುತ್ತದೆ. ಈ ಕ್ಯಾಮೆರಾಗಳನ್ನೆಲ್ಲ ಮಾಡಿದವರು ಬಲಗಣ್ಣಿನವರೇ ಇರಬೇಕು ಅಂತ ಆಗಿನಿಂದಲೂ ನನ್ನ ಅನುಮಾನ.

ಇದನ್ನು ಮೊದಲೇ ಹೇಳಿಬಿಟ್ಟಿದ್ದೇಕೆಂದರೆ, ಮುಂದೆ ನಾನು ಯಾವ ಕ್ಯಾಮೆರಾ ಹೊಗಳುತ್ತೇನೋ, ಯಾವುದನ್ನು ತೆಗಳುತ್ತೇನೋ, ಅದರಲ್ಲಿ ಈ ಎಡಗಣ್ಣಿನ ಪಾಲು ದೊಡ್ಡದು. ಈಗ ನನ್ನ ಬೀರುವಿನಲ್ಲಿ ರೋಲ್ ಹಾಕುವ ಎಸ್‌ಎಲ್‌ಆರ್‌ಗಳು, ಅಂದರೆ ಲೆನ್ಸಿಗೆ ಕಂಡದ್ದನ್ನೇ ಒಳಗಿನ ಕನ್ನಡಿಯಿಂದ ಕಣ್ಣಿಗೆ ತೋರಿಸುವ ಕ್ಯಾಮೆರಾಗಳು, ನಾಲ್ಕಿವೆ. "ಯಾವುದು ತಗೊಳ್ಳಲಿ? ಎಷ್ಟು ಕೊಡಬಹುದು?" ಅಂತ ಹುಡುಗರು ಕೇಳುತ್ತಿರುತ್ತಾರೆ. ನಾನು ಹೇಳುವ ಉತ್ತರ ಅವರಿಗೆ ಯಾಕೋ ಸಮಾಧಾನ ಕೊಡುವುದಿಲ್ಲ.

ಮಾವನ ಕೆ1000 1986ರಲ್ಲಿ ಬಂದದ್ದು. ಆಗ ಹೊರಗಿನ ಕ್ಯಾಮೆರಾ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ, ಸಿಕ್ಕರೆ ಸುಂಕ ಸೇರಿ ಕೈಗೆಟುಕುತ್ತಿರಲಿಲ್ಲ. ದುಬೈಯಿಂದ ರಜೆಗೆ ಬಂದವರೊಬ್ಬರಿಂದ ಭಟ್ಕಳಕ್ಕೆ ಹೋಗಿ ತಂದಿದ್ದರು. ನಾಲ್ಕು ಸಾವಿರದ ಚಿಲ್ಲರೆ ಕೊಟ್ಟಿದ್ದರಂತೆ. ಅಜ್ಜ ಒಂದು ವಾರ ಅವರ ಹತ್ತಿರ ಮಾತು ಬಿಟ್ಟಿದ್ದರು. ಆ ದುಡ್ಡಿಗೆ ಎರಡು ಎಮ್ಮೆ ಬರ್ತಿತ್ತು ಅನ್ನುವುದು ಅಜ್ಜನ ಲೆಕ್ಕ.

ಪೆಂಟಾಕ್ಸ್ ಈ ಕ್ಯಾಮೆರಾ ಮಾಡಲು ಶುರು ಮಾಡಿದ್ದು 1976ರಲ್ಲಿ, ನಿಲ್ಲಿಸಿದ್ದು 1997ರಲ್ಲಿ. 21 ವರ್ಷ ಹೆಚ್ಚುಕಡಿಮೆ ಒಂದೇ ಕ್ಯಾಮೆರಾ. ಅಮೆರಿಕದಲ್ಲಿ ಫೋಟೋಗ್ರಫಿ ಕ್ಲಾಸಿಗೆ ಸೇರಿದ ಹುಡುಗರಿಗೆ ಮೇಷ್ಟ್ರುಗಳು ಇದನ್ನೇ ತರಲು ಹೇಳುತ್ತಿದ್ದರು. ಕಾರಣ ಇಷ್ಟೇ: ಇದರಲ್ಲಿ ಏನೂ ಇಲ್ಲ. ಮೇಲೆ ಶಟರ್ ಸ್ಪೀಡಿನ ಚಕ್ರ, ಅಂದರೆ ಫಿಲಂ ಮುಂದಿನ ಪರದೆ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದು, ಒಂದು ಸೆಕೆಂಡಿನಿಂದ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ. ಲೆನ್ಸಿನ ಮೇಲೆ ಅಪರ್ಚರ್, ಬೆಳಕು ಒಳಗೆ ಬಿಡುವ ಕಿಂಡಿಯ ಅಳತೆ. ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಬಲಗಡೆ ಒಂದು ಮುಳ್ಳು. ಮುಳ್ಳು ನಡುವೆ ನಿಂತರೆ ಬೆಳಕು ಸರಿ, ಮೇಲೆ ಹೋದರೆ ಜಾಸ್ತಿ, ಕೆಳಗಿಳಿದರೆ ಕಡಿಮೆ. ಸೆಲ್ ಬೇಕಾಗಿರುವುದು ಆ ಮುಳ್ಳಿಗೆ ಮಾತ್ರ. ಸೆಲ್ ಸತ್ತರೂ ಶಟರ್ ಬೀಳುತ್ತದೆ.

ಆ ಮುಳ್ಳಿಗೆ ಆನ್-ಆಫ್ ಸ್ವಿಚ್ಚೂ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಒಳಗೆ ಕತ್ತಲಾಗಿ ಬೆಳಕು ಅಳೆಯುವ ಮೀಟರು ಮಲಗುತ್ತದೆ, ಅಷ್ಟೇ. ಹಾಗಾಗಿ ಆ ಸ್ಟುಡಿಯೋದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು, "ಮುಚ್ಚಳ ಹಾಕೋ!"

ರೋಲ್ ಹಾಕುವುದನ್ನೂ ಮಾವನೇ ಕಲಿಸಿದ್ದು. ಎಡಗಡೆಯ ಗುಬ್ಬಿ, ಅಂದರೆ ತಿರುಗಿಸುವ ನಾಬ್, ಮೇಲಕ್ಕೆಳೆದರೆ ಬೆನ್ನು ತೆರೆಯುತ್ತದೆ. ಡಬ್ಬಿ ಕೂರಿಸಿ, ನಾಲಿಗೆಯಷ್ಟು ಫಿಲಂ ಎಳೆದು ಬಲಗಡೆಯ ಸುರುಳಿಗೆ ಸಿಕ್ಕಿಸಿ, ಹಲ್ಲಿಗೆ ತೂತು ಕೂತಿದೆಯೋ ನೋಡಿ, ಬೆನ್ನು ಮುಚ್ಚಬೇಕು. ಅಲ್ಲಿಗೆ ಮುಗಿಯಲಿಲ್ಲ. ಲಿವರ್ ಎಳೆಯುವಾಗ ಎಡಗಡೆಯ ಗುಬ್ಬಿ ತಾನಾಗಿ ತಿರುಗುತ್ತಿದೆಯಾ ಅಂತ ನೋಡಬೇಕು. ತಿರುಗಿದರೆ ಫಿಲಂ ಒಳಗೆ ಓಡುತ್ತಿದೆ ಅಂತ ಅರ್ಥ. ತಿರುಗದಿದ್ದರೆ ಫಿಲಂ ಡಬ್ಬಿಯಲ್ಲೇ ಕೂತಿದೆ, ನೀವು ಸುಮ್ನೆ ಚಟ್ ಚಟ್ ಅನ್ನಿಸುತ್ತಿದ್ದೀರಿ. ಮಾವನಿಗೆ ಒಂದು ಮದುವೆಯಲ್ಲಿ ಹಾಗೇ ಆಗಿತ್ತು. ಧಾರೆ ಮುಗಿದು ಊಟದ ಪಂಕ್ತಿಗೆ ಬಂದಾಗ, 36 ಫೋಟೋ ಮುಗಿದರೂ ಲಿವರ್ ಬರುತ್ತಲೇ ಇದೆ! ಆಮೇಲೆ ಮದುಮಕ್ಕಳನ್ನು ಮತ್ತೆ ಮಣೆಯ ಮೇಲೆ ನಿಲ್ಲಿಸಿ, ಹಾರ ಮತ್ತೊಮ್ಮೆ ಹಾಕಿಸಿದರಂತೆ. ಆ ಆಲ್ಬಮ್ಮಿನಲ್ಲಿ ಮದುಮಗನ ಬಾಯಿ ಎಲೆಯಡಿಕೆಯಿಂದ ಕೆಂಪಗಿದೆ.

ಈ ಕೆ1000 ಬಗ್ಗೆ ನನಗೆ ಪ್ರೀತಿ ಇದೆ. ಆದರೆ ಈಗ ಇದಕ್ಕೆ ಕೇಳುತ್ತಿರುವ ಬೆಲೆ ನೋಡಿದರೆ ನಗು ಬರುತ್ತದೆ. 1975ರಲ್ಲಿ ಪೆಂಟಾಕ್ಸಿನವರೇ ಕೆಎಂ ಅಂತ ಒಂದನ್ನು ತಂದಿದ್ದರು. ಅದಕ್ಕೆ ಸೆಲ್ಫ್ ಟೈಮರ್ ಇತ್ತು, ಎಷ್ಟು ದೂರದವರೆಗೆ ಫೋಕಸ್ ಇದೆ ಅಂತ ಮೊದಲೇ ನೋಡುವ ಗುಂಡಿ ಇತ್ತು. ಅವನ್ನೆಲ್ಲ ಕಿತ್ತುಹಾಕಿ ಅಗ್ಗ ಮಾಡಿದ್ದೇ ಕೆ1000. ಈಗ ಜನ ಹುಡುಕಿಕೊಂಡು ಹೋಗುವುದು ಕಿತ್ತುಹಾಕಿದ್ದನ್ನು. ತುಂಬಿದ್ದರ ಹೆಸರೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹೆಸರಿಗೂ ಒಂದು ರೇಟು ಇರುತ್ತದಲ್ವಾ.

ಬೆಂಗಳೂರಿಗೆ ಬಂದು ಸಂಬಳ ಶುರುವಾದ ಮೇಲೆ ನನಗೂ ಹೆಸರಿನ ಹುಚ್ಚು ಹಿಡಿಯಿತು. ಅಂತರ್ಜಾಲದಲ್ಲಿ ಒಬ್ಬರಿಂದ ಕ್ಯಾನನ್ ಎಇ-1 ತರಿಸಿದೆ. "ಹೊಸದರ ಹಾಗಿದೆ ಸರ್, ಶೋಕೇಸಲ್ಲೇ ಇತ್ತು" ಅಂದಿದ್ದರು. ಶೋಕೇಸಿನಲ್ಲಿ ಇದ್ದದ್ದು ನಿಜ ಇರಬೇಕು, ಯಾಕೆಂದರೆ ಹೊರಗಡೆ ಒಂದು ಗೀರೂ ಇರಲಿಲ್ಲ. ಮೊದಲ ಸಲ ಶಟರ್ ಒತ್ತಿದಾಗ ಅದು ಕೀಂಯ್ ಅಂತು. ದಮ್ಮು ಇರುವ ಮುದುಕರು ಉಸಿರೆಳೆದ ಹಾಗೆ. ಕನ್ನಡಿಯನ್ನು ಎತ್ತುವ ಹಲ್ಲುಚಕ್ರಗಳಲ್ಲಿ ಎಣ್ಣೆ ಒಣಗಿದರೆ ಬರುವ ಸದ್ದು ಅದು. ಈ ಮಾಡೆಲ್ಲಿಗೆ ಎಷ್ಟು ಮಾಮೂಲಿ ಅಂದರೆ ರಿಪೇರಿಯವರು ಇದನ್ನು ಕ್ಯಾನನ್ ಕೆಮ್ಮು ಅಂತಲೇ ಕರೆಯುತ್ತಾರೆ. ಬೆನ್ನಿನ ಮುಚ್ಚಳದ ಅಂಚಿಗೆ ಬೆಳಕು ತಡೆಯಲು ಹಾಕಿದ್ದ ಸ್ಪಂಜು ಕರಗಿ ಡಾಂಬರಿನ ಹಾಗಾಗಿತ್ತು. ಮೊದಲ ರೋಲಿನಲ್ಲಿ ಪ್ರತಿ ಫೋಟೋದ ಮೇಲೂ ಒಂದು ಕಿತ್ತಳೆ ಬಣ್ಣದ ಗೆರೆ. ಮಾರಿದವರಿಗೆ ಫೋನ್ ಮಾಡಿದರೆ, "ಅದೇ ಸರ್ ಫಿಲಂ ಲುಕ್ಕು" ಅಂದರು.

ಎಇ-1 ಕೆಟ್ಟ ಕ್ಯಾಮೆರಾ ಅಲ್ಲ. 1976ರಲ್ಲಿ ಬಂದಾಗ ಅದೊಂದು ಸಂಚಲನ. ಒಳಗೆ ಮೈಕ್ರೋಪ್ರೊಸೆಸರ್ ಇಟ್ಟ ಮೊದಲ ಎಸ್‌ಎಲ್‌ಆರ್ ಅದೇ. ನೀವು ಶಟರ್ ಸ್ಪೀಡ್ ಇಟ್ಟರೆ ಸಾಕು, ಅಪರ್ಚರ್ ಅದೇ ನೋಡಿಕೊಳ್ಳುತ್ತದೆ. ಮಕ್ಕಳು ಓಡುತ್ತಿದ್ದರೆ, ಬಸ್ಸಿನ ಕಿಟಕಿಯಿಂದ ಏನೋ ಕಂಡರೆ, ಇದಕ್ಕಿಂತ ಸಲೀಸಾದದ್ದು ಆ ಕಾಲದಲ್ಲಿ ಕಡಿಮೆ. ಆದರೆ ಎರಡನ್ನೂ ನಾನೇ ಇಡುತ್ತೇನೆ ಅಂತ ಹೊರಟರೆ ಅದು ಮುನಿಸಿಕೊಳ್ಳುತ್ತದೆ. ಒಳಗಿನ ಮುಳ್ಳು ತನ್ನ ಸಲಹೆ ಏನು ಅಂತ ತೋರಿಸುತ್ತದೆಯೇ ಹೊರತು ನೀವು ಇಟ್ಟ ಅಪರ್ಚರ್ ಎಷ್ಟು ಅಂತ ಹೇಳುವುದಿಲ್ಲ. ಕ್ಯಾಮೆರಾ ಕೆಳಗಿಳಿಸಿ ಲೆನ್ಸ್ ನೋಡಬೇಕು, ಮತ್ತೆ ಕಣ್ಣಿಗಿಡಬೇಕು.

ಇನ್ನೊಂದು ಸಂಕಟ ಬ್ಯಾಟರಿ. ಇದರ ಶಟರ್ ನಡೆಯುವುದೇ ಕರೆಂಟಿನಲ್ಲಿ. ಬನವಾಸಿಯಲ್ಲಿ ಮಧುಕೇಶ್ವರ ದೇವಸ್ಥಾನದ ಕಂಬಗಳ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಆ ಕಂಬಗಳ ಹೊಳಪು ನೋಡಿದವರಿಗೆ ಗೊತ್ತು, ಮುಖ ಕಾಣುವಷ್ಟು ನುಣುಪು. ಗುಂಡಿ ಒತ್ತಿದೆ. ಏನೂ ಇಲ್ಲ. ಸೆಲ್ ಹೋಗಿತ್ತು. ಕೈಯಲ್ಲಿ ಇದ್ದದ್ದು ಅರ್ಧ ಕಿಲೋ ಮೇಲಿನ ಕಲ್ಲು. ಶಿರಸಿಗೆ ವಾಪಸ್ ಬಂದು ನಾಲ್ಕು ಅಂಗಡಿ ಸುತ್ತಿದೆ. ಪೆನ್ಸಿಲ್ ಸೆಲ್ ಇದೆ, ವಾಚಿನ ಸೆಲ್ ಇದೆ, ಆರು ವೋಲ್ಟಿನ ಆ ಗಿಡ್ಡ ಬ್ಯಾಟರಿ ಎಲ್ಲೂ ಇಲ್ಲ. ಅದರೊಳಗೆ ಇರುವುದೇ ನಾಲ್ಕು ಗುಂಡಿ ಸೆಲ್ಲು, ಎಲ್‌ಆರ್44 ಅನ್ನುವ ಮಾಮೂಲಿ ಸೆಲ್ ನಾಲ್ಕು ತಗೊಂಡು ಒಂದರ ಮೇಲೊಂದಿಟ್ಟು ಕಾಗದ ಸುತ್ತಿ ಹಾಕಿದರೆ ನಡೆಯುತ್ತದೆ ಅಂತ ರಿಪೇರಿಯವರು ಆಮೇಲೆ ಹೇಳಿಕೊಟ್ಟರು. ನಾಲ್ಕೂ ಅಂಗಡಿಯಲ್ಲಿ ಆ ಸೆಲ್ ನನ್ನ ಕಣ್ಣ ಮುಂದೆಯೇ ತೂಗಾಡುತ್ತಿತ್ತು.

ಆ ರಿಪೇರಿಯವರ ಅಂಗಡಿ ಅಂದರೆ ಮಹಡಿ ಮೆಟ್ಟಿಲ ಕೆಳಗಿನ ಜಾಗ. ಒಂದು ಟೇಬಲ್ಲು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಎಇ-1ಗೆ ಸಿರಿಂಜಿನ ಸೂಜಿಯಿಂದ ಸರಿಯಾದ ಕಡೆ ಒಂದು ಹನಿ ಎಣ್ಣೆ ಬಿಟ್ಟು ಕೆಮ್ಮು ನಿಲ್ಲಿಸಿದರು. ಟೇಬಲ್ಲಿನ ಕೆಳಗೆ ಒಂದು ಪ್ಲಾಸ್ಟಿಕ್ ಬಕೆಟ್ಟಿನ ತುಂಬ ಸತ್ತ ಕ್ಯಾಮೆರಾಗಳು. "ಸ್ವಾಮಿ, ಗೇರು ಸವೆದ್ರೆ ಇನ್ನೊಂದ್ರಿಂದ ಕಿತ್ತು ಹಾಕ್ತೀನಿ. ಸರ್ಕ್ಯೂಟ್ ಹೋದ್ರೆ ಇನ್ನೊಂದು ಸರ್ಕ್ಯೂಟೇ ಬೇಕು. ಅದಕ್ಕೂ ಅಷ್ಟೇ ವಯಸ್ಸಾಗಿರುತ್ತೆ" ಅಂದರು. ಕ್ಯಾಮೆರಾ ಬೆಲೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಅವರ ಮಾತು ಕೇಳಿಯೇ ನಿಕಾನ್ ಎಫ್‌ಎಂ2 ಕೊಂಡೆ. ಇಪ್ಪತ್ತಾರು ಸಾವಿರ, 50 ಎಂಎಂ ಲೆನ್ಸ್ ಸೇರಿ. ಹೆಂಡತಿಗೆ ಹದಿನಾರು ಅಂದಿದ್ದೆ. ಈ ಬರಹ ಅವಳು ಓದದಿದ್ದರೆ ಒಳ್ಳೆಯದು.

1982ರಲ್ಲಿ ಬಂದದ್ದು ಎಫ್‌ಎಂ2. ಒಳಗೆ ಸ್ಪ್ರಿಂಗು, ಗೇರು. ಸೆಲ್ ಬೇಕಾಗಿರುವುದು ಮೀಟರಿಗೆ ಮಾತ್ರ. ಆದರೂ ಶಟರ್ ಸ್ಪೀಡ್ ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗದವರೆಗೆ ಹೋಗುತ್ತದೆ. ಮೊದಲ ವರ್ಷಗಳ ಕ್ಯಾಮೆರಾಗಳಲ್ಲಿ ಶಟರಿನ ಎಲೆಗಳು ಟೈಟಾನಿಯಂ. ಬೆನ್ನು ತೆಗೆದು ನೋಡಿದರೆ ಜೇನುಗೂಡಿನ ಹಾಗೆ ಅಚ್ಚು ಕಾಣುತ್ತದೆ. ಆದರೆ ಮದುವೆ ಫೋಟೋದವರಿಗೆ ಇದು ಇಷ್ಟವಾಗಲು ಆ ನಾಲ್ಕು ಸಾವಿರ ಕಾರಣ ಅಲ್ಲ. ಫ್ಲಾಶ್ ಕಾರಣ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಫ್ರೇಮಿಗೆ ಫ್ಲಾಶ್ ಬೆಳಕು ಬೀಳಬೇಕಾದರೆ ಆ ಕ್ಷಣ ಶಟರ್ ಪೂರ್ತಿ ತೆರೆದಿರಬೇಕು. ಕೆ1000ರಲ್ಲಿ ಅದು ಸೆಕೆಂಡಿನ ಅರವತ್ತರ ಒಂದರವರೆಗೆ ಮಾತ್ರ ಸಾಧ್ಯ. ಎಫ್‌ಎಂ2 ಮೊದಲು 200ರ ಒಂದರವರೆಗೆ, 1984ರ ನಂತರ 250ರ ಒಂದರವರೆಗೆ ಹೋಯಿತು. ಮಟಮಟ ಮಧ್ಯಾಹ್ನ ಬಿಸಿಲಲ್ಲಿ ದಿಬ್ಬಣ ಇಳಿಯುತ್ತಿದೆ ಅಂತಿಟ್ಟುಕೊಳ್ಳಿ. ಪೇಟದ ನೆರಳು ಮದುಮಗನ ಕಣ್ಣಿನ ಮೇಲೆ. ಆ ನೆರಳು ತೆಗೆಯಲು ಫ್ಲಾಶ್ ಬೇಕು. ಬೆಳಕಿಗೆ ಸ್ಪಂದಿಸುವ ವೇಗ 100 ಇರುವ ರೋಲಿಗೆ ಅರವತ್ತರ ಒಂದರಲ್ಲಿ ಅಪರ್ಚರ್ ಎಫ್ 22ಕ್ಕೆ ಮುಚ್ಚಬೇಕು (ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣದು). 250ರಲ್ಲಿ ಎಫ್ 11 ಸಾಕು. ಅಂದರೆ ಅದೇ ಫ್ಲಾಶು ಮೊದಲು ನಾಲ್ಕಡಿ ದೂರಕ್ಕೆ ಮುಟ್ಟುತ್ತಿದ್ದರೆ ಈಗ ಎಂಟಡಿಗೆ ಮುಟ್ಟುತ್ತದೆ. ಎಂಟಡಿಯಲ್ಲಿ ಮದುಮಗ, ಅವನ ಅಪ್ಪ ಅಮ್ಮ, ಕೊಡೆ ಹಿಡಿದವನು ಎಲ್ಲರೂ ಬರುತ್ತಾರೆ. ನಾಲ್ಕಡಿಯಲ್ಲಿ ಪೇಟ ಮಾತ್ರ.

ವ್ಯೂಫೈಂಡರಿನ ಒಳಗೂ ಎಫ್‌ಎಂ2ವೇ ಜಾಣ. ಎಡಗಡೆ ಶಟರ್ ಸ್ಪೀಡ್ ಕಾಣುತ್ತದೆ. ಮೇಲೆ ಒಂದು ಪುಟ್ಟ ಕಿಂಡಿಯಲ್ಲಿ ಲೆನ್ಸಿನ ಮೇಲೆ ಕೊರೆದ ಅಪರ್ಚರ್ ಅಂಕಿಯೇ ಕಾಣುತ್ತದೆ. ಬಲಗಡೆ ಮೂರು ಕೆಂಪು ದೀಪ: ಪ್ಲಸ್, ಸೊನ್ನೆ, ಮೈನಸ್. ಕಣ್ಣು ತೆಗೆಯುವ ಅಗತ್ಯವೇ ಇಲ್ಲ. ಲೆನ್ಸ್ ಮಾತ್ರ ಉಳಿದವಕ್ಕೆಲ್ಲ ಉಲ್ಟಾ ತಿರುಗಿಸಿ ಕೂರಿಸಬೇಕು. ಅದಕ್ಕೆ ಕೈ ಒಂದು ವಾರದಲ್ಲಿ ಒಗ್ಗುತ್ತದೆ.

ಒಗ್ಗದೇ ಇದ್ದದ್ದು ಲಿವರ್. ಎಫ್‌ಎಂ2ರಲ್ಲಿ ಲಿವರನ್ನು ಸ್ವಲ್ಪ ಹೊರಗೆ ಎಳೆದಿಟ್ಟರೆ ಮಾತ್ರ ಮೀಟರ್ ಎಚ್ಚರವಾಗುತ್ತದೆ, ಶಟರಿನ ಬೀಗ ತೆಗೆಯುತ್ತದೆ. ಒಳಗೆ ಒತ್ತಿಟ್ಟರೆ ಎಲ್ಲ ಬಂದ್. ಒಳ್ಳೆಯ ಯೋಚನೆ. ಚೀಲದಲ್ಲಿ ತಾನಾಗಿ ಶಟರ್ ಬೀಳುವುದಿಲ್ಲ, ಸೆಲ್ ಉಳಿಯುತ್ತದೆ, ಮುಚ್ಚಳ ಹಾಕೋ ಅಂತ ಕೂಗುವವರು ಬೇಡ. ಬಲಗಣ್ಣಿನವರ ಹೆಬ್ಬೆರಳು ಆ ಸಂದಿಯಲ್ಲಿ ಹಾಯಾಗಿ ಕೂರುತ್ತದೆ. ಎಡಗಣ್ಣಿನವನಿಗೆ ಅದು ನೇರ ಬಲ ಹುಬ್ಬಿಗೆ ಚುಚ್ಚುತ್ತದೆ. ಒಂದು ದಿನ ಇಡೀ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನವರ ಫೋಟೋ ತೆಗೆದು ಮನೆಗೆ ಬಂದರೆ ಹಣೆಯ ಮೇಲೆ ಕೆಂಪು ಬರೆ. "ಯಾರ ಹತ್ರ ಹೊಡೆಸ್ಕೊಂಡು ಬಂದ್ರಿ?" ಅಂತ ಹೆಂಡತಿ ಕೇಳಿದಳು.

ಇಪ್ಪತ್ತಾರು ಸಾವಿರ ಕೊಟ್ಟು ಹೊಡೆಸಿಕೊಂಡು ಬಂದಿದ್ದೆ.

ನಾಲ್ಕನೆಯದು ತಾನಾಗಿ ಬಂತು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಳೆ ಇಸ್ತ್ರಿಪೆಟ್ಟಿಗೆ, ಮಿಕ್ಸರ್ ಜಾರುಗಳ ನಡುವೆ ಬೋರಲು ಬಿದ್ದಿದ್ದ ಒಲಿಂಪಸ್ ಓಎಂ-1. ರಿಪೇರಿಯವರು ಕಲಿಸಿದ್ದನ್ನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಮಾಡಿದೆ. ಒಂದು ಸೆಕೆಂಡಿಗೆ ಇಟ್ಟು ಒತ್ತಿ ಕಿವಿಗಿಟ್ಟೆ. ಝರ್ರ್ ಅಂತ ಒಂದೇ ಸಮನೆ ಓಡಿ ನಿಂತಿತು. ತಡವರಿಸಲಿಲ್ಲ. ಬೆನ್ನು ತೆಗೆದು ಶಟರಿನ ಬಟ್ಟೆಯನ್ನು ಬಿಸಿಲಿಗೆ ಹಿಡಿದೆ, ಸೂಜಿಯಷ್ಟು ತೂತೂ ಇಲ್ಲ. ಲೆನ್ಸಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟೆ. ಅಂಚಿನಲ್ಲಿ ಜೇಡರ ಬಲೆಯ ಹಾಗೆ ಸಣ್ಣ ಫಂಗಸ್. ಮಲೆನಾಡಿನವನಿಗೆ ಅದು ಹೊಸದಲ್ಲ. ಮಳೆಗಾಲ ಪೂರ್ತಿ ಮಾವ ಕ್ಯಾಮೆರಾಗಳನ್ನು 40 ವ್ಯಾಟಿನ ಬಲ್ಬ್ ಉರಿಯುವ ಮರದ ಪೆಟ್ಟಿಗೆಯಲ್ಲಿ ಬೆಚ್ಚಗಿಡುತ್ತಿದ್ದರು, ಕೋಳಿಮರಿ ಇಟ್ಟ ಹಾಗೆ. ಫಂಗಸ್ ಹೊಸದಿದ್ದರೆ ಒರೆಸಿದರೆ ಹೋಗುತ್ತದೆ. ಹಳೆಯದಾದರೆ ಗಾಜಿನ ಮೇಲಿನ ಲೇಪವನ್ನೇ ತಿಂದಿರುತ್ತದೆ. ಇದು ಹೊಸದು. ನಾಲ್ಕು ಸಾವಿರ ಅಂದರು, ಎರಡೂವರೆಗೆ ಕೊಟ್ಟರು. ರಿಪೇರಿಗೆ ಒಂದೂವರೆ ಸಾವಿರ ಆಯಿತು.

ಓಎಂ-1 ಮಾಡಿದ ಯೋಶಿಹಿಸಾ ಮೈತಾನಿ ಅವರ ಹಟ ಇಷ್ಟೇ: ಎಸ್‌ಎಲ್‌ಆರ್ ಇಷ್ಟು ಭಾರ, ಇಷ್ಟು ದಪ್ಪ, ಇಷ್ಟು ಗದ್ದಲ ಯಾಕಿರಬೇಕು? 1972ರಲ್ಲಿ ಇದು ಎಂ-1 ಅನ್ನುವ ಹೆಸರಲ್ಲಿ ಬಂತು. ಜರ್ಮನಿಯ ಕ್ಯಾಮೆರಾ ಕಂಪನಿ ಲೈಕಾದವರು ಆ ಹೆಸರಿಗೆ ತಕರಾರು ತೆಗೆದ ಮೇಲೆ ಓಎಂ-1 ಆಯಿತು. 510 ಗ್ರಾಂ. ಕನ್ನಡಿ ಮೇಲೇಳುವಾಗಿನ ಪೆಟ್ಟು ತಡೆಯಲು ಒಳಗೆ ಗಾಳಿಯ ಡ್ಯಾಂಪರ್ ಇದೆ. ಕೆ1000 ಬಾಗಿಲು ಹಾಕಿದ ಹಾಗೆ ಸದ್ದು ಮಾಡಿದರೆ ಇದು ಟ್ರಂಕಿನ ಚಿಲಕ ಹಾಕಿದ ಹಾಗೆ. ವ್ಯೂಫೈಂಡರ್ ಮಾತ್ರ ಮೈಯ ಅಳತೆಗೆ ದೊಡ್ಡದು. ಸಣ್ಣ ಮನೆಗೆ ದೊಡ್ಡ ಜಗಲಿ.

ಶಟರ್ ಸ್ಪೀಡ್ ಇದರಲ್ಲಿ ಮೇಲಿಲ್ಲ, ಲೆನ್ಸಿನ ಬುಡದಲ್ಲಿ ಬಳೆಯ ಹಾಗಿದೆ. ಲೆನ್ಸಿನ ಮುಂತುದಿಯಲ್ಲಿ ಅಪರ್ಚರ್, ನಡುವೆ ಫೋಕಸ್. ಮೂರೂ ಎಡಗೈಗೆ. ಮೊದಲ ಎರಡು ದಿನ ತಲೆ ಕೆಡುತ್ತದೆ, ಫೋಕಸ್ ಮಾಡಲು ಹೋಗಿ ಸ್ಪೀಡ್ ತಿರುಗಿಸಿಬಿಡುತ್ತೀರಿ. ಮೂರನೇ ದಿನ ಬೆರಳಿಗೇ ಗೊತ್ತಾಗುತ್ತದೆ. ಮೀಟರಿಗೆ ಪ್ರತ್ಯೇಕ ಸ್ವಿಚ್ ಇದೆ. ಹಾಗಾಗಿ ಲಿವರ್ ತನ್ನ ಪಾಡಿಗೆ ಮೈಗಂಟಿಕೊಂಡು ಮಲಗಿರುತ್ತದೆ. ಹುಬ್ಬಿಗೆ ಶಾಂತಿ.

ಇದಕ್ಕೂ ಒಂದು ರೋಗ ಇದೆ. ಮೀಟರ್ ಮಾಡಿದ್ದು 1.35 ವೋಲ್ಟಿನ ಪಾದರಸದ ಸೆಲ್ಲಿಗೆ. ಅವು ಈಗ ಸಿಗುವುದಿಲ್ಲ. ಮಾಮೂಲಿ ಒಂದೂವರೆ ವೋಲ್ಟಿನದ್ದು ಹಾಕಿದರೆ ಮುಳ್ಳು ಸುಳ್ಳು ಹೇಳುತ್ತದೆ. ಹತ್ತಿರ ಬರುವುದು ಕಿವಿ ಕೇಳಿಸುವ ಮೆಷಿನ್ನಿನ ಸೆಲ್ಲು, 675 ಅಂತ ಅದರ ನಂಬರು. ಅಗಲ ಕಡಿಮೆ, ಸುತ್ತ ಒಂದು ರಬ್ಬರ್ ಉಂಗುರ ಹಾಕಿದರೆ ಕೂರುತ್ತದೆ. ನಮ್ಮ ದೊಡ್ಡಮ್ಮನ ಮೆಷಿನ್ನಿಗೂ ಅದೇ ಸೆಲ್ಲು. ಒಂದು ಸಲ ಕೇಳದೇ ಒಂದು ತೆಗೆದಿದ್ದೆ. "ನನ್ನ ಕಿವಿ ಕಿತ್ತು ನಿನ್ನ ಕಣ್ಣಿಗಿಟ್ಕೊಂಡ್ಯಲ್ಲೋ" ಅಂದರು. ಈಗ ಒಟ್ಟಿಗೇ ತರಿಸಿ ಹಂಚಿಕೊಳ್ಳುತ್ತೇವೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ನನಗೆ ಈಗ ಒಂದು ಕಲರ್ ರೋಲು, ಅದನ್ನು ತೊಳೆಸುವುದು, ಸ್ಕ್ಯಾನು ಎಲ್ಲ ಸೇರಿ ಒಂದೂವರೆ ಸಾವಿರದ ಹತ್ತಿರ ಬೀಳುತ್ತದೆ. 36 ಫ್ರೇಮಿಗೆ ಹಂಚಿದರೆ ಒಂದಕ್ಕೆ 42 ರೂಪಾಯಿ. ಒಂದು ಕ್ಲಿಕ್ಕಿಗೆ ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿ. ಮಾವ ಪಾಸ್‌ಪೋರ್ಟ್ ಫೋಟೋಗೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ ‘ಇಂದು’ ಅನ್ನುವ ಹೆಸರಿನ ಕಪ್ಪುಬಿಳುಪು ರೋಲ್ ಹಾಕಿ ತಾವೇ ತೊಳೆಯುತ್ತಿದ್ದರು. ಆ ಫ್ಯಾಕ್ಟರಿಯೂ ಹೋಯಿತು. ನನ್ನ ಎಫ್‌ಎಂ2ಕ್ಕೂ ಓಎಂ-1ಕ್ಕೂ ಇರುವ ಅಂತರ 22 ಸಾವಿರ. ಅಂದರೆ ಹದಿನಾಲ್ಕು ರೋಲು, ಐನೂರು ಫೋಟೋ. ಐನೂರು ಫೋಟೋ ತೆಗೆದವನಿಗೆ ತನಗೆ ಯಾವ ಕ್ಯಾಮೆರಾ ಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಹುಡುಗರಿಗೆ ಸಮಾಧಾನ ಕೊಡದ ನನ್ನ ಉತ್ತರ ಇದೇ. ಕೊಳ್ಳುವ ಮೊದಲು ಕಣ್ಣಿಗಿಟ್ಟು ನೋಡಿ, ಎರಡು ಕಣ್ಣಿಗೂ ಇಟ್ಟು ನೋಡಿ ಅನ್ನುತ್ತೇನೆ. ಅವರು ಫೋನಿನಲ್ಲಿ ಫೋಟೋ ನೋಡಿ ಆಗಲೇ ಎಇ-1 ಅಂತ ತೀರ್ಮಾನ ಮಾಡಿರುತ್ತಾರೆ.

ಹೋದ ವರ್ಷ ಮಾವ ಬಲಗಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದರು. ಆಪರೇಶನ್ ಆಗಿ ಹತ್ತು ದಿನ ನಮ್ಮ ಮನೆಯಲ್ಲೇ ಇದ್ದರು. ಕಪ್ಪು ಕನ್ನಡಕ, ಗಂಟೆಗೊಮ್ಮೆ ಡ್ರಾಪ್ಸು. ಬಲಗಣ್ಣು ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದರು. ಬೇಜಾರಾಗಿ ಒಂದು ಸಂಜೆ ಬೀರು ತೆಗೆಸಿದರು. ತಮ್ಮ ಕೆ1000 ಹೊರಗೆ ತೆಗೆದು ಲುಂಗಿಯ ಅಂಚಿನಲ್ಲಿ ಒರೆಸಿದರು. ಮುಚ್ಚಳ ಹಾಕಿದೆಯಾ ಅಂತ ನೋಡಿದರು. ಹಾಕಿತ್ತು. ಆಮೇಲೆ ಎಫ್‌ಎಂ2 ಎತ್ತಿಕೊಂಡು, ತೂಕ ನೋಡಿ, ಲಿವರ್ ಎಳೆದು, ಕಿಟಕಿಯ ಕಡೆ ತಿರುಗಿ ಎಡಗಣ್ಣಿಗೆ ಇಟ್ಟರು.

"ಥೋ, ಎಂತದೋ ಇದು! ಹುಬ್ಬಿಗೆ ಚುಚ್ತದಲ್ಲ ಮಾರಾಯ!"

ನಾನು ಮಾತಾಡಲಿಲ್ಲ. ಓಎಂ-1 ತೆಗೆದು ಅವರ ಕೈಗೆ ಕೊಟ್ಟೆ. ಅದರಲ್ಲಿ ರೋಲ್ ಇತ್ತು, 22ನೇ ಫ್ರೇಮಿನಲ್ಲಿ. ಮಾವ ಕಣ್ಣಿಗಿಟ್ಟರು. ಎಡಗೈಯಲ್ಲಿ ಬಳೆ ಹುಡುಕಿದರು. ಒಂದೆರಡು ಸಲ ತಪ್ಪಿತು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿಯ ಕಡೆ ತಿರುಗಿ, ಉಸಿರು ಹಿಡಿದು ಒತ್ತಿದರು. ಆಮೇಲೆ ಕ್ಯಾಮೆರಾ ಕೆಳಗಿಳಿಸಿ, ಬೆನ್ನಿನ ಮೇಲೆ ಅಂಟಿದ್ದ ತಮ್ಮ ಮೂಗಿನ ಎಣ್ಣೆಯನ್ನು ಹೆಬ್ಬೆರಳಲ್ಲಿ ಒರೆಸಿ ವಾಪಸ್ ಕೊಟ್ಟರು.